ಮೆಟ್ಟಿಲ ಕೆಳಗಿನ ಸೈಕಲ್ಲು ಕಾಲೇಜಿಗೆ ಹೊರಟಾಗ

ಬಹಳಷ್ಟು ಮನೆಗಳಲ್ಲಿ ಅದೊಂದು ಇದ್ದೇ ಇರುತ್ತದೆ. ಮೆಟ್ಟಿಲ ಕೆಳಗೋ, ನೀರಿನ ಮೋಟಾರಿನ ಪಕ್ಕದಲ್ಲೋ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಮೂಲೆಯಲ್ಲೋ ಗೋಡೆಗೆ ಒರಗಿ ನಿಂತಿರುತ್ತದೆ. ಎರಡೂ ಟೈರಿನಲ್ಲಿ ಗಾಳಿಯಿಲ್ಲ. ಚೈನು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಹ್ಯಾಂಡಲ್ಲಿನ ಮೇಲೆ ಯಾರೋ ನೆಲ ಒರೆಸುವ ಬಟ್ಟೆ ಒಣಹಾಕಿದ್ದಾರೆ. ಒಂದು ಕಾಲಕ್ಕೆ ಹಟ ಹಿಡಿದು, ಒಂದು ಹೊತ್ತು ಊಟ ಬಿಟ್ಟು ಕೊಡಿಸಿಕೊಂಡ ‘ಗೇರ್ ಸೈಕಲ್ಲು’ ಅದು! ಅಣ್ಣ ಕೆಲಸಕ್ಕೆ ಸೇರಿದ, ಸೈಕಲ್ಲು ಮೂಲೆ ಸೇರಿತು. ಈಗ ತಮ್ಮ ಪಿಯುಸಿಗೆ ಬಂದಿದ್ದಾನೆ. ಕಾಲೇಜು ಐದು ಕಿಲೋಮೀಟರ್ ದೂರ. ಅವನ ಕಣ್ಣು ಸ್ಕೂಟರಿನ ಮೇಲೆ.

ಸ್ಕೂಟರಿನ ಮಾತು ಬಂದಾಗ ತಂದೆತಾಯಿಗಳು ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಅಪ್ರಾಪ್ತ ವಯಸ್ಸಿನ ಮಕ್ಕಳು ಪರವಾನಗಿಯಿಲ್ಲದೆ ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ‘ಪಕ್ಕದ ಮನೆ ಹುಡುಗ ಓಡಿಸ್ತಾನಲ್ಲ’ ಎಂಬ ವಾದ ಪೊಲೀಸರ ಮುಂದೆ ನಡೆಯದು. ಹಾಗಾದರೆ ಇನ್ನೆರಡು ವರ್ಷ ಹೋಗಿಬರುವುದು ಹೇಗೆ? ಉತ್ತರ ಮೆಟ್ಟಿಲ ಕೆಳಗೇ ಇರಬಹುದು.

ತಮಾಷೆಯೆಂದರೆ, ಮೌಂಟನ್ ಬೈಕ್ ಎಂಬ ಜಾತಿ ಹುಟ್ಟಿದ್ದೇ ಹಳೆಯ ಸೈಕಲ್ಲುಗಳನ್ನು ಬಿಚ್ಚಿ ಕಟ್ಟಿದ್ದರಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು 1930-40ರ ಕಾಲದ, ದಪ್ಪ ಟೈರಿನ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಪಂದ್ಯವೂ ಶುರುವಾಯಿತು. ಹಿಂಗಾಲಿಯ ಹಬ್ಬಿನೊಳಗಿದ್ದ ಬ್ರೇಕು ಇಳಿಜಾರಿನಲ್ಲಿ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಕೆಳಗಿಳಿದ ಮೇಲೆ ಹಬ್ಬು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಂದದ್ದೇ ಹೀಗೆ. ಹೊಸ ಚೌಕಟ್ಟು ಕಟ್ಟಿದ ಜೋ ಬ್ರೀಜ್, ಟಾಮ್ ರಿಚಿ, 1979ರಲ್ಲಿ ಕಂಪನಿ ತೆರೆದ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಎಲ್ಲರೂ ಈ ಗುಂಪಿನವರೇ. ನಮ್ಮಲ್ಲಿ 1990ರ ದಶಕದಲ್ಲಿ ಹೀರೋ ರೇಂಜರ್‌ನಂಥ ದಪ್ಪ ಟೈರಿನ ಸೈಕಲ್ಲುಗಳು ಹುಡುಗರ ಮನಸ್ಸು ಗೆದ್ದವು. ಅವು ಬೆಟ್ಟ ಹತ್ತಿದ್ದು ಕಡಿಮೆ, ಟ್ಯೂಷನ್ನಿಗೆ ಹೋದದ್ದೇ ಹೆಚ್ಚು!

ಮೊದಲು ಪರೀಕ್ಷೆ

ಬಿಚ್ಚುವ ಮುನ್ನ ಚೌಕಟ್ಟನ್ನು ಸೋಪಿನ ನೀರಿನಲ್ಲಿ ತೊಳೆದು ಹಗಲು ಬೆಳಕಿನಲ್ಲಿ ನೋಡಬೇಕು. ಮೇಲಿನ ತುಕ್ಕಿಗೆ ಹೆದರಬೇಕಿಲ್ಲ, ಉಜ್ಜಿದರೆ ಹೋಗುತ್ತದೆ. ನೋಡಬೇಕಾದದ್ದು ಕೊಳವೆಗಳು ಸೇರುವ ಜಾಗಗಳನ್ನು, ಅದರಲ್ಲೂ ಹ್ಯಾಂಡಲ್ಲಿನ ಕೆಳಗೆ, ಕೆಳಕೊಳವೆ ಬಂದು ಕೂಡುವಲ್ಲಿ. ಅಲ್ಲಿ ಕೂದಲೆಳೆಯ ಬಿರುಕೋ, ಬಣ್ಣದಡಿ ಸುಕ್ಕೋ ಕಂಡರೆ, ಅಥವಾ ಮುಂದಿನ ಫೋರ್ಕು ಹಿಂದಕ್ಕೆ ಬಾಗಿದ್ದರೆ, ಆ ಸೈಕಲ್ಲು ಎಲ್ಲೋ ಬಲವಾಗಿ ಡಿಕ್ಕಿ ಹೊಡೆದಿದೆ ಎಂದೇ ಅರ್ಥ. ಬಿರುಕು ಬಿಟ್ಟ ಚೌಕಟ್ಟಿಗೆ ಖರ್ಚು ಮಾಡಬೇಡಿ. ಅದು ಗುಜರಿಗೇ ಹೋಗಲಿ.

ಚೌಕಟ್ಟು ನೆಟ್ಟಗಿದ್ದರೆ ಏನೇನು ಬೇಕೆಂದು ಅಂಗಡಿಯವರ ಹತ್ತಿರ ಪಟ್ಟಿ ಬರೆಸಿ. ಹಣ ಬ್ರೇಕು ಮತ್ತು ಟೈರಿಗೆ ಮೊದಲು, ಗೇರಿಗೆ ಆಮೇಲೆ, ಬಣ್ಣಕ್ಕೆ ಎಲ್ಲಕ್ಕಿಂತ ಕೊನೆಗೆ. ಹುಡುಗರು ಸಾಮಾನ್ಯವಾಗಿ ತಲೆಕೆಳಗಾಗಿ ಶುರುಮಾಡುತ್ತಾರೆ!

ನಿಲ್ಲದ ಸೈಕಲ್ಲು ಓಡಬಾರದು

ವರ್ಷಗಟ್ಟಲೆ ನಿಂತ ಸೈಕಲ್ಲಿನ ಬ್ರೇಕಿನ ರಬ್ಬರು ಕಲ್ಲಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ, ಗುರುತು ಬೀಳದಿದ್ದರೆ ಬದಲಿಸಿಬಿಡಿ. ಹೊಸ ರಬ್ಬರು ಒತ್ತಿದಾಗ ರಿಮ್ಮಿಗೆ ಮಾತ್ರ ತಾಗಬೇಕು. ಸ್ವಲ್ಪ ಮೇಲೆ ಹೋಗಿ ಟೈರಿಗೆ ಉಜ್ಜಿದರೆ ಕೆಲವೇ ದಿನಗಳಲ್ಲಿ ಟೈರಿನ ಬದಿ ಹರಿದು ಟ್ಯೂಬು ಸಿಡಿಯುತ್ತದೆ. ಕೆಳಗಿಳಿದರೆ ಜಾರಿ ಕಡ್ಡಿಗಳೊಳಗೆ ಸಿಕ್ಕಿಕೊಳ್ಳುವ ಭಯ. ಬ್ರೇಕಿನ ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ತುಂಡಾಗಿದ್ದರೂ ಹೊಸದು ಹಾಕಿಸಿ. ಇಡೀ ಸೈಕಲ್ಲಿನಲ್ಲಿ ಅಗ್ಗದ ಸಾಮಾನುಗಳಲ್ಲಿ ಇದೂ ಒಂದು, ಉಳಿತಾಯ ಮಾಡಲು ತಕ್ಕ ಜಾಗವಲ್ಲ.

ಇನ್ನು ರಿಮ್ಮು. ಹೊಳೆಯುವ ಸ್ಟೀಲ್ ರಿಮ್ಮು ನೋಡಲು ಚೆಂದ, ಆದರೆ ಮಳೆಯಲ್ಲಿ ಒದ್ದೆಯಾದರೆ ರಬ್ಬರು ಅದನ್ನು ಹಿಡಿಯುವುದೇ ಇಲ್ಲ. ಬ್ರೇಕು ಒತ್ತುತ್ತಲೇ ಇರುತ್ತೀರಿ, ಸೈಕಲ್ಲು ಹೋಗುತ್ತಲೇ ಇರುತ್ತದೆ. ಅಲ್ಯೂಮಿನಿಯಂ ರಿಮ್ಮು ಒದ್ದೆಯಲ್ಲೂ ಎಷ್ಟೋ ಬೇಗ ನಿಲ್ಲುತ್ತದೆ. ಮಂಗಳೂರು, ಶಿವಮೊಗ್ಗದಂಥ ಮಳೆಯ ಊರಿನ ವಿದ್ಯಾರ್ಥಿಗೆ ಇಡೀ ಪಟ್ಟಿಯಲ್ಲಿ ಯಾವುದಕ್ಕಾದರೂ ದೊಡ್ಡ ಮೊತ್ತ ಕೊಡುವುದಿದ್ದರೆ ಅದು ಇದಕ್ಕೇ. 1996ರ ಆಸುಪಾಸಿನಲ್ಲಿ ಬಂದ ವಿ-ಬ್ರೇಕನ್ನು ಹಳೆಯ ಸೈಕಲ್ಲಿಗೆ ಹಾಕಿಸುವವರು ಕೈಹಿಡಿಯ ಲಿವರನ್ನೂ ಬದಲಿಸಬೇಕು. ಅದಕ್ಕೆ ಹಳೆಯದಕ್ಕಿಂತ ಹೆಚ್ಚು ಕೇಬಲ್ ಎಳೆಯುವ ಲಿವರು ಬೇಕು. ‘ಡಿಸ್ಕ್ ಬ್ರೇಕ್ ವೆಲ್ಡ್ ಮಾಡಿಕೊಡ್ತೀವಿ’ ಎನ್ನುವವರಿಗೆ ದೂರದಿಂದಲೇ ನಮಸ್ಕಾರ ಹೇಳುವುದು ಒಳ್ಳೆಯದು. ಆ ಬಲ ತಡೆಯುವಂತೆ ಹಳೆಯ ಫೋರ್ಕನ್ನು ಕಟ್ಟಿರುವುದಿಲ್ಲ.

ಒಂದೂವರೆಯೂ 1.5ವೂ ಒಂದೇ ಅಲ್ಲ!

ಬೆಟ್ಟದ ಮಣ್ಣನ್ನು ಕಚ್ಚಿ ಹಿಡಿಯಲೆಂದು ಮಾಡಿದ ಬಟನ್ ಟೈರು ಡಾಂಬರಿನ ಮೇಲೆ ಗುಂಯ್‌ಗುಡುತ್ತ ಕಾಲಿನ ಶಕ್ತಿಯನ್ನು ತಿನ್ನುತ್ತದೆ. ನುಣುಪು ಮೈಯ ಟೈರು ಹಾಕಿದ ದಿನವೇ ಸೈಕಲ್ಲು ಬೇರೆಯೇ ಆದಂತೆ ಅನ್ನಿಸುತ್ತದೆ. ಆದರೆ ಅದನ್ನು ಕೊಳ್ಳುವಾಗ ಗಣಿತದಲ್ಲಿ ನೂರಕ್ಕೆ ನೂರು ತೆಗೆಯುವ ಹುಡುಗಿಯೂ ಎಡವಬಹುದು.

ಹಳೆಯ ಟೈರಿನ ಮೇಲೆ ಸಾಮಾನ್ಯವಾಗಿ 26 × 1.95 ಎಂದಿರುತ್ತದೆ. ಅದರ ಬದಲಿಗೆ ಕಿರಿದಾದ 26 × 1.50 ಬೇಕು. ಅಂಗಡಿಯಲ್ಲಿ 26 × 1½ ಎಂದು ಬರೆದ ಟೈರು ಸಿಕ್ಕಿತೆನ್ನಿ. ಒಂದೂವರೆ ಎಂದರೆ 1.5 ತಾನೆ? ಪುಸ್ತಕದಲ್ಲಿ ಹೌದು, ಸೈಕಲ್ಲಿನಲ್ಲಿ ಅಲ್ಲ. ದಶಮಾಂಶದಲ್ಲಿ ಬರೆದ ಮೌಂಟನ್ ಬೈಕಿನ ಟೈರು ಕೂರುವುದು 559 ಮಿಲಿಮೀಟರ್ ವ್ಯಾಸದ ರಿಮ್ಮಿನ ಮೇಲೆ. ಭಿನ್ನರಾಶಿಯಲ್ಲಿ ಬರೆದ 26 × 1½ಕ್ಕೆ 584 ಮಿಲಿಮೀಟರಿನ ರಿಮ್ಮು ಬೇಕು, 26 × 1⅜ಕ್ಕೆ 590. ಹೆಸರಿಗೆ ಎಲ್ಲವೂ ಇಪ್ಪತ್ತಾರೇ! ಹಿಂದಿನ ಕಾಲದ ಬೇರೆಬೇರೆ ದೇಶಗಳ ಅಳತೆಗಳು ಹಾಗೇ ಉಳಿದುಬಂದು ಈ ಗೊಂದಲವಾಗಿದೆ. ಹಾಗಾಗಿ ಅಂಗುಲದ ಲೆಕ್ಕ ಬಿಟ್ಟು, ಟೈರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಇನ್ನೊಂದು ಸಂಖ್ಯೆ ಹುಡುಕಬೇಕು. 40-559 ಎಂದಿದ್ದರೆ ಟೈರಿನ ಅಗಲ 40 ಮಿ.ಮೀ., ರಿಮ್ಮಿನ ವ್ಯಾಸ 559. ಹಳೆಯ ಟೈರಿನ ಕೊನೆಯ ಮೂರು ಅಂಕಿ ಹೊಸದರಲ್ಲೂ ಇರಲೇಬೇಕು.

ರೇಸಿನವರನ್ನು ನೋಡಿ ತೀರಾ ಸಪೂರ ಟೈರಿಗೆ ಆಸೆಪಡುವುದು ಬೇಡ. ನಮ್ಮ ರಸ್ತೆಯ ಗುಂಡಿಗಳಿಗೆ ಒಂದೂವರೆಯಿಂದ (ಇಲ್ಲಿ 1.50 ಎಂದೇ ಓದಿಕೊಳ್ಳಿ) 1.75 ಅಂಗುಲ ಸರಿ. ಗಾಳಿಯ ಮಿತಿ ಟೈರಿನ ಮೇಲೇ ಅಚ್ಚಾಗಿರುತ್ತದೆ.

ಗೇರಿನ ಲೆಕ್ಕ

ಹಳೆಯ ಗೇರ್ ಸೈಕಲ್ಲುಗಳಲ್ಲಿ ಮುಂದೆ 48, 38, 28 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಆರು ಚಕ್ರ ಇರುವುದು ಸಾಮಾನ್ಯ. 1.50 ಟೈರು ಹಾಕಿದ ಗಾಲಿ ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. ಮುಂದೆ 38, ಹಿಂದೆ 14 ಹಾಕಿದರೆ ಪೆಡಲು ಒಮ್ಮೆ ತಿರುಗಿದಾಗ ಗಾಲಿ 2.7 ಸುತ್ತು ತಿರುಗಿ 5.4 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಬಾರಿ ತುಳಿದರೆ ಗಂಟೆಗೆ 19 ಕಿಲೋಮೀಟರಿಗೂ ಹೆಚ್ಚಾಯಿತು. ಊರೊಳಗೆ ಇದಕ್ಕಿಂತ ವೇಗ ಯಾಕೆ ಬೇಕು? ಆದ್ದರಿಂದ ದಾವಣಗೆರೆಯಂಥ ಸಮತಟ್ಟಾದ ಊರಿನಲ್ಲಿ ಮುಂದಿನ ಗೇರು ಕೆಟ್ಟಿದ್ದರೆ ನಡುವಿನ ಚಕ್ರದ ಮೇಲೆ ಚೈನು ನಿಲ್ಲಿಸಿ ಉಳಿದದ್ದನ್ನು ಮರೆತರೂ ನಡೆಯುತ್ತದೆ. ಮಡಿಕೇರಿಯಲ್ಲಿ ಹಾಗೆ ಮಾಡಬೇಡಿ. ಅಲ್ಲಿ 28ರ ಚಿಕ್ಕ ಚಕ್ರವೇ ದೇವರು.

ಚೈನು ಸವೆದಿದೆಯೇ ತಿಳಿಯಲು ಶಾಲೆಯ ಸ್ಕೇಲು ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಹಿಡಿದರೆ, ಅಲ್ಲಿಂದ 24ನೆಯ ಪಿನ್ನು ಸರಿಯಾಗಿ 12 ಅಂಗುಲಕ್ಕೆ ಬರಬೇಕು. ಅಂಗುಲದ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಫ್ರೀವೀಲಿನ ಹಲ್ಲುಗಳೂ ಮುಗಿದಿರುತ್ತವೆ.

ಮನೆಯಲ್ಲಿ ಎಷ್ಟು, ಅಂಗಡಿಯಲ್ಲಿ ಎಷ್ಟು?

ಗಾಲಿಯ ಬಾಗು ತೆಗೆಯುವುದು, ಕ್ರ್ಯಾಂಕು ಎಳೆಯುವುದು ಅಂಗಡಿಯವರ ಕೆಲಸ. ಅದಕ್ಕೆ ಬೇರೆ ಸಲಕರಣೆ ಬೇಕು, ಪಳಗಿದ ಕೈ ಬೇಕು. ಉಳಿದದ್ದರಲ್ಲಿ ಬಹುಪಾಲು ಒಂದೆರಡು ಭಾನುವಾರಗಳಲ್ಲಿ ಮನೆಯಂಗಳದಲ್ಲೇ ಮುಗಿಯುತ್ತದೆ. ಚೈನು ತೊಳೆಯಲು ಮೊದಲು ಸೀಮೆಎಣ್ಣೆ ಇರುತ್ತಿತ್ತು. ಈಗ ಸುಲಭವಾಗಿ ಸಿಗದು, ಡೀಸೆಲ್ಲಿನಲ್ಲೂ ಆಗುತ್ತದೆ. ಬೆಂಕಿಯಿಂದ ದೂರ ಇರಬೇಕು, ಅಷ್ಟೆ. ಹಬ್ಬು ಬಿಚ್ಚುವಾಗ ಕೆಳಗೊಂದು ಹಳೆಯ ಪಂಚೆ ಹಾಸಿ, ಬಾಲ್ಸು ಎಣಿಸಿ ಬಟ್ಟಲಿಗೆ ಹಾಕಿಕೊಳ್ಳಿ. ಒಂದೊಂದು ಬದಿಗೆ ಮುಂಗಾಲಿಯಲ್ಲಿ ಹತ್ತು, ಹಿಂಗಾಲಿಯಲ್ಲಿ ಒಂಬತ್ತು ಇರುವುದು ವಾಡಿಕೆ. ಹೊಸ ಗ್ರೀಸಿನಲ್ಲಿ ಕೂರಿಸಿದ ಮೇಲೆ ಗಾಲಿ ಸದ್ದಿಲ್ಲದೆ ತಿರುಗುವುದನ್ನು ನೋಡುವ ಖುಷಿ ಯಾವ ಪ್ರಾಕ್ಟಿಕಲ್ ತರಗತಿಯಲ್ಲೂ ಸಿಗಲಿಕ್ಕಿಲ್ಲ.

ಎಡಗಡೆಯ ಪೆಡಲಿನ ಮರೆ ಉಲ್ಟಾ ಎಂಬುದನ್ನು ಮರೆತು ಬಲ ಹಾಕಿ ಕ್ರ್ಯಾಂಕು ಹಾಳು ಮಾಡಿಕೊಂಡವರು ಎಷ್ಟೋ ಜನ. ಪಾನಾ ಮೇಲ್ಮುಖವಾಗಿ ಹಿಡಿದಾಗ ಎರಡೂ ಬದಿ ಸೈಕಲ್ಲಿನ ಮುಂದಕ್ಕೆ ಎಳೆದರೆ ಬಿಗಿ, ಹಿಂದಕ್ಕೆ ಎಳೆದರೆ ಸಡಿಲ. ಇಷ್ಟು ನೆನಪಿದ್ದರೆ ಸಾಕು.

ಬೆಟ್ಟದ ಸೈಕಲ್ಲು ಸವಾರನನ್ನು ಮುಂದಕ್ಕೆ ಬಗ್ಗಿಸುತ್ತದೆ. ಬಸ್ಸು, ಆಟೊಗಳ ನಡುವೆ ಹೋಗುವವರು ತಲೆಯೆತ್ತಿ ನೋಡುವಂತಿರಬೇಕು. ಹ್ಯಾಂಡಲ್ಲನ್ನೂ ಸೀಟನ್ನೂ ಎತ್ತರಿಸಬಹುದು, ಆದರೆ ಅವುಗಳ ಕಂಬದ ಮೇಲಿರುವ ಮಿತಿಯ ಗೆರೆ ಹೊರಗೆ ಕಾಣಬಾರದು. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿಯಿದೆ. ಮಡ್‌ಗಾರ್ಡು, ಬೆಲ್ಲು, ಹಿಂದೆ ಕೆಂಪು ದೀಪ, ಗಟ್ಟಿ ಕ್ಯಾರಿಯರು ಬೇಕೇ ಬೇಕು. ಪುಸ್ತಕದ ಚೀಲ ಕ್ಯಾರಿಯರಿನ ಮೇಲಿರಲಿ. ಹ್ಯಾಂಡಲ್ಲಿಗೆ ತೂಗುಹಾಕಿದರೆ ತಿರುವಿನಲ್ಲಿ ಅದೇ ಸೈಕಲ್ಲನ್ನು ನಡೆಸುತ್ತದೆ!

ಐವತ್ತು ಕಿಲೋಮೀಟರ್ ಓಡಿದ ಮೇಲೆ ಕೇಬಲ್ಲು ಸಡಿಲವಾಗಿರುತ್ತದೆ, ನಟ್ಟು-ಬೋಲ್ಟು ಕದಲಿರುತ್ತವೆ. ಮತ್ತೊಮ್ಮೆ ಎಲ್ಲವನ್ನೂ ಬಿಗಿ ಮಾಡಬೇಕು. ಕಳಚಿಟ್ಟ ಬಟನ್ ಟೈರುಗಳು ಇನ್ನೂ ಗಟ್ಟಿಯಿದ್ದರೆ ಗುಜರಿಗೆ ಹಾಕಬೇಡಿ. ಪರೀಕ್ಷೆ ಮುಗಿಸಿ ಅಜ್ಜನ ಊರಿಗೆ ಹೋದಾಗ ಅಲ್ಲಿಯ ಮಣ್ಣುದಾರಿಗೆ ಅವೇ ಬೇಕಾಗುತ್ತವೆ.