ಸ್ಟೀರಿಂಗ್: ಪದದ ಹಿಂದೆ ಒಂದು ಚುಕ್ಕಾಣಿ

ಬಸ್ಸಿನ ಡ್ರೈವರ್ ಹಿಡಿಯುವುದು ಸ್ಟೀರಿಂಗ್, ಸೈಕಲ್ ಸವಾರ ಹಿಡಿಯುವುದು ಹ್ಯಾಂಡಲ್. ಎರಡರ ಕೆಲಸವೂ ಒಂದೇ: ಮುಂದಿನ ಚಕ್ರದ ದಿಕ್ಕನ್ನು ಬದಲಿಸುವುದು. ಕನ್ನಡದ ಆಡುಮಾತಿನಲ್ಲಿ ಸ್ಟೀರಿಂಗ್ ಎಂದರೆ ಆ ದುಂಡನೆಯ ವಸ್ತು. ಇಂಗ್ಲಿಷಿನಲ್ಲಾದರೋ ಅದು ಮೂಲತಃ ಒಂದು ಕ್ರಿಯೆ. ದಿಕ್ಕು ತಪ್ಪದಂತೆ ನಡೆಸುವುದು ಎಂದರ್ಥ.

ಈ ಪದ ಮೋಟಾರು ಬರುವುದಕ್ಕೆ ಎಷ್ಟೋ ಮೊದಲೇ ಹಡಗಿನಲ್ಲಿತ್ತು. ಹಿಂದೆ ಉತ್ತರ ಯೂರೋಪಿನ ಹಡಗುಗಳಲ್ಲಿ ದಿಕ್ಕು ತಿರುಗಿಸುವ ಹುಟ್ಟನ್ನು ಬಲಬದಿಗೆ ಕಟ್ಟುತ್ತಿದ್ದರು. ಆದ್ದರಿಂದಲೇ ನಾವಿಕರಿಗೆ ಇಂದಿಗೂ ಬಲಬದಿ ಎಂದರೆ 'ಸ್ಟಾರ್‌ಬೋರ್ಡ್'. ಇಲ್ಲಿ 'ಸ್ಟಾರ್' ನಕ್ಷತ್ರವಲ್ಲ, 'ಸ್ಟಿಯರ್' ಎಂಬುದರ ಹಳೆಯ ರೂಪ. ಗ್ರೀಕರು ಚುಕ್ಕಾಣಿಗಾರನನ್ನು 'ಕುಬೆರ್ನೇಟೆಸ್' ಎನ್ನುತ್ತಿದ್ದರು. ಆ ಮೂಲದಿಂದಲೇ ಲ್ಯಾಟಿನ್ ಮೂಲಕ 'ಗವರ್ನರ್' ಬಂತು; 1948ರಲ್ಲಿ ನಾರ್ಬರ್ಟ್ ವೀನರ್ ತಮ್ಮ ಹೊಸ ವಿಜ್ಞಾನಕ್ಕೆ 'ಸೈಬರ್ನೆಟಿಕ್ಸ್' ಎಂದು ಹೆಸರಿಟ್ಟರು. 'ಆಡಳಿತದ ಚುಕ್ಕಾಣಿ ಹಿಡಿದರು' ಎಂದು ನಮ್ಮ ಪತ್ರಿಕೆಗಳು ಬರೆಯುವುದೂ ಇದೇ ಅರ್ಥದಲ್ಲಿ. 'ಸ್ಟೀರಿಂಗ್ ಕಮಿಟಿ' ಕೂಡ ಕೆಲಸವನ್ನೆಲ್ಲ ತಾನೇ ಮಾಡುವುದಿಲ್ಲ. ಕೆಲಸ ಯಾವ ದಿಕ್ಕಿನಲ್ಲಿ ಸಾಗಬೇಕೆಂದು ನೋಡಿಕೊಳ್ಳುತ್ತದೆ.

ಈಗ ಒಂದು ಪ್ರಶ್ನೆ. ಸ್ಟೀರಿಂಗ್ ತಿರುಗಿಸಿದರೆ ಗಾಡಿ ತಿರುಗಲೇಬೇಕೆ? ಇಲ್ಲ. ಚುಕ್ಕಾಣಿಯ ಮೇಲೆ ನೀರು ಹರಿದು ಒತ್ತಿದರಷ್ಟೇ ಹಡಗು ತಿರುಗುತ್ತದೆ. ಹಾಗೆಯೇ ಗಾಡಿಯನ್ನು ಪಕ್ಕಕ್ಕೆ ತಳ್ಳುವುದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಒಂದೇ ತಿರುವಿನಲ್ಲಿ ವೇಗ ಎರಡರಷ್ಟಾದರೆ ಬೇಕಾಗುವ ಬಲ ನಾಲ್ಕರಷ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಸಲೀಸಾಗಿ ದಾಟಿದ ತಿರುವು 60ರಲ್ಲಿ ಅದರ ನಾಲ್ಕು ಪಟ್ಟು ಹಿಡಿತ ಕೇಳುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಆ ಹಿಡಿತವೇ ಕಡಿಮೆ. ಗಾಬರಿಯಿಂದ ಬ್ರೇಕ್ ಅದುಮಿ ಮುಂದಿನ ಚಕ್ರ ಉರುಳದೆ ಜಾರತೊಡಗಿದರೆ, ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ನೇರವಾಗಿಯೇ ಸಾಗುತ್ತದೆ. ಎ.ಬಿ.ಎಸ್. ಬ್ರೇಕಿನ ಉದ್ದೇಶ ಇದನ್ನು ತಪ್ಪಿಸುವುದೇ. ಆದರೆ ಅತಿವೇಗಕ್ಕೆ ಅದೂ ಮದ್ದಲ್ಲ.

ಮೊದಲ ಬಾರಿಗೆ ಬೈಕ್ ಏರುವ ವಿದ್ಯಾರ್ಥಿಗಳು ಇಷ್ಟನ್ನು ನೆನಪಿಡಬೇಕು: ವೇಗ ತಗ್ಗಿಸಬೇಕಾದದ್ದು ತಿರುವಿಗೆ ಮೊದಲು, ತಿರುವಿನ ನಡುವೆ ಅಲ್ಲ. ಹ್ಯಾಂಡಲ್ ನಮ್ಮ ಕೈಯಲ್ಲಿದ್ದರೂ ಗಾಡಿಯನ್ನು ತಿರುಗಿಸುವ ಬಲ ಬರುವುದು ರಸ್ತೆಯಿಂದ.