ಸ್ಟೀರಾಯ್ಡ್ ಸೋತರೂ ದಾರಿ ಉಂಟು

ಬಿಕ್ಕಳಿಕೆ ಬಂದರೆ ‘ಯಾರೋ ನೆನೆಸ್ಕೊಂಡಿದಾರೆ’ ಅಂತೀವಲ್ಲ? ವಿನೋಬನಗರದ ನಮ್ಮ ಬೀದಿಯ ಗೆಳತಿಯೊಬ್ಬಳಿಗೆ ಎರಡು ವಾರ ಬಿಕ್ಕಳಿಕೆ, ವಾಂತಿ ನಿಲ್ಲಲೇ ಇಲ್ಲ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ, ಜೀರಿಗೆ ಕಷಾಯ ಎಲ್ಲ ಆಯ್ತು. ತಿಂಗಳೊಳಗೆ ಒಂದು ಕಣ್ಣು ಮಂಜಾಯಿತು, ಕಾಲು ಜೋಮು ಹಿಡಿಯಿತು. ನರರೋಗ ತಜ್ಞರು ಸ್ಕ್ಯಾನಿಂಗ್ ಮಾಡಿಸಿ, ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿಸಿದರು. ಕಣ್ಣು ತಿಳಿಯಾಗಲಿಲ್ಲ. ‘ಸ್ಟೀರಾಯ್ಡಿಗೇ ಬಗ್ಗದ ಕಾಯಿಲೆ, ಇನ್ನೇನು ಮಾಡೋಕಾಗುತ್ತೆ? ಮನೆಗೆ ಕರ್ಕೊಂಡು ಹೋಗೋಣ’ ಎಂದರು ಅತ್ತೆ.

ನಾವು ಎಡವುವುದೇ ಇಲ್ಲಿ.

ಕಾಯಿಲೆಯ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ, ಚಿಕ್ಕದಾಗಿ ಎನ್‌ಎಂಒ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕಣ್ಣಿನ ನರ, ಬೆನ್ನುಹುರಿಯ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಮಿದುಳಿನ ಬುಡಕ್ಕೆ ತಗುಲಿದರೆ ಬಿಕ್ಕಳಿಕೆ, ವಾಂತಿ. ಹೆಂಗಸರಲ್ಲೇ ಇದು ಹೆಚ್ಚು. ಬಹಳ ಕಾಲ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ಸಿನ ಒಂದು ಬಗೆ ಎಂದೇ ಭಾವಿಸಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ನೇತೃತ್ವದ ತಂಡ ರಕ್ತದಲ್ಲಿ ಇದರದೇ ಆ್ಯಂಟಿಬಾಡಿ ಗುರುತಿಸಿದ ಮೇಲೆ ಗೊಂದಲ ಕಳೆಯಿತು. ಹೆಸರು ಸರಿಯಾಗಿ ಗೊತ್ತಾಗುವುದು ಮುಖ್ಯ. ಏಕೆಂದರೆ ಸ್ಕ್ಲೆರೋಸಿಸ್ಸಿಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಒ ರೋಗವನ್ನು ಉಲ್ಬಣಗೊಳಿಸಬಹುದು.

ಸ್ಟೀರಾಯ್ಡ್ ಸಾಲದಿದ್ದರೆ ಮುಂದಿನ ಹೆಜ್ಜೆ ಪ್ಲಾಸ್ಮಾ ಬದಲಾವಣೆ. ಡಯಾಲಿಸಿಸ್‌ನಂತೆಯೇ ಯಂತ್ರದ ಮೂಲಕ ರಕ್ತ ಹಾಯಿಸಿ, ಆ್ಯಂಟಿಬಾಡಿ ತುಂಬಿದ ಪ್ಲಾಸ್ಮಾ ತೆಗೆದು ಆಲ್ಬುಮಿನ್ ದ್ರವ ಸೇರಿಸುತ್ತಾರೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ, 5ರಿಂದ 7 ಸಲ. ಬೇಗ ಶುರುವಾದಷ್ಟೂ ಲಾಭ. ಕಾದು ನೋಡೋಣ ಅನ್ನುವಷ್ಟರಲ್ಲಿ ನರ ಒಣಗಿಹೋಗಬಹುದು.

ಆಮೇಲೆ ಕಾಯಿಲೆ ಮರುಕಳಿಸದಂತೆ ಅಜಥಯೋಪ್ರಿನ್, ಮೈಕೋಫಿನೊಲೇಟ್ ಮಾತ್ರೆ ಅಥವಾ ರಿಟುಕ್ಸಿಮ್ಯಾಬ್ ಡ್ರಿಪ್ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕಾಯಿಲೆಗಳಿಗೆ ಪರೀಕ್ಷೆ, ಚಿಕಿತ್ಸೆ ಎರಡೂ ಇವೆ. ಮಂಗಳೂರಿನ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಇದರ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ನೆನಪಿಡಿ:

* ಮುಖ ಊದಿತು, ತೂಕ ಹೆಚ್ಚಿತು ಅಂತ ಸ್ಟೀರಾಯ್ಡ್ ಮಾತ್ರೆ ದಿಢೀರನೆ ನಿಲ್ಲಿಸಬೇಡಿ, ಪ್ರಾಣಕ್ಕೇ ಕುತ್ತು. ವೈದ್ಯರೇ ನಿಧಾನವಾಗಿ ಇಳಿಸಬೇಕು.
* ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ, ಟಿಬಿ ಪರೀಕ್ಷೆ ಆಗಿದೆಯಾ ಕೇಳಿ.
* ಮಗು ಬೇಕೆಂದಿದ್ದರೆ ಮೊದಲೇ ಹೇಳಿ. ಮೈಕೋಫಿನೊಲೇಟ್ ಗರ್ಭದ ಕೂಸಿಗೆ ಹಾನಿಕರ.
* ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.
* ಹಳೆಯ ಸ್ಕ್ಯಾನ್, ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ.

ಗೆಳತಿಯ ಗಂಡ ಅಂದು ಅತ್ತೆಯ ಮಾತು ಕೇಳಲಿಲ್ಲ, ರಾತ್ರಿ ರೈಲಿಗೇ ಬೆಂಗಳೂರಿಗೆ ಕರೆದೊಯ್ದರು. ಕಣ್ಣು ಪೂರ್ತಿ ಮೊದಲಿನಂತಾಗಿಲ್ಲ, ನಿಜ. ಆದರೆ ಮೊನ್ನೆ ಅಕ್ಕಿ ಆರಿಸುತ್ತಾ ಕೂತಿದ್ದವಳು, ‘ಕಲ್ಲು ಕಾಣ್ತಿದೆ ಕಣೇ’ ಎಂದು ನಕ್ಕಳು!