ಟೋಟಲ್ ಲಾಸ್ ಆದ ವಾಹನ: ಕೊಳ್ಳುವುದೇ, ಬಿಡುವುದೇ?

ಕಾಫಿ ಮಾರಾಟವಾಗಿ ಅಡಿಕೆಯ ಹಣವೂ ಕೈಸೇರುವ ಹೊತ್ತಿಗೆ ನಮ್ಮ ಸದಸ್ಯರಲ್ಲಿ ಹಲವರಿಗೆ ವಾಹನದ ಯೋಚನೆ ಬರುವುದು ಸಹಜ. ಹೊಸದರ ಬೆಲೆ ಕೇಳಿ ಹಿಂದೆ ಸರಿದವರು ಹಳೆಯದರ ಕಡೆ ತಿರುಗುತ್ತಾರೆ. ಆಗ ಎದುರಾಗುವ ಒಂದು ಬಗೆಯ ವ್ಯಾಪಾರದ ಕುರಿತು ಸಂಘದ ಕಚೇರಿಗೆ ಬಂದು ವಿಚಾರಿಸುವವರು ಇರುವುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ವಾಹನ ನೋಡಲು ಚೊಕ್ಕವಾಗಿರುತ್ತದೆ, ಬೆಲೆ ಪೇಟೆಯ ದರದ ಅರ್ಧ. ಕಾರಣ ಕೇಳಿದರೆ, "ಸಣ್ಣದೊಂದು ಟೋಟಲ್ ಲಾಸ್ ಕ್ಲೇಮ್ ಆಗಿತ್ತು, ಈಗ ಎಲ್ಲಾ ಸರಿ ಮಾಡಿಸಿದೆ" ಎನ್ನುತ್ತಾರೆ. ಪೂರ್ಣ ನಷ್ಟದಲ್ಲಿ ಸಣ್ಣದು ಎಂಥದು ಎಂದು ನಗು ಬರಬಹುದು. ಆದರೆ ಆ ಮಾತಿನಲ್ಲಿ ಒಮ್ಮೊಮ್ಮೆ ನಿಜವೂ ಇರುತ್ತದೆ.

ಅಪಘಾತವಾದ ವಾಹನವನ್ನು ಎತ್ತಿ ತಂದು ರಿಪೇರಿ ಮಾಡಿಸುವ ಖರ್ಚು, ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯದ, ಅಂದರೆ ಐ.ಡಿ.ವಿ.ಯ, ಶೇಕಡಾ 75ನ್ನು ಮೀರಿದರೆ ವಿಮಾ ಕಂಪನಿಯು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಈ ಐ.ಡಿ.ವಿ. ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆರು ತಿಂಗಳು ದಾಟಿದ ಹೊಸ ವಾಹನಕ್ಕೆ ಶೇಕಡಾ 15 ಸವಕಳಿಯಾದರೆ, ನಾಲ್ಕು ವರ್ಷ ದಾಟಿದ್ದಕ್ಕೆ ಶೇಕಡಾ 50. ಐದು ವರ್ಷದ ಮೇಲಿನದಕ್ಕೆ ಕಂಪನಿಯೂ ಮಾಲೀಕರೂ ಒಪ್ಪಿದ ಮೊತ್ತ.

ಈಗ ಲೆಕ್ಕ ಹಾಕಿ ನೋಡಿ. ಹತ್ತು ಲಕ್ಷದ ವಾಹನ ಮೊದಲ ವರ್ಷದೊಳಗೇ ಪೂರ್ಣ ನಷ್ಟವಾಗಿದ್ದರೆ, 8,50,000ದ ಮುಕ್ಕಾಲು ಪಾಲು, ಅಂದರೆ 6,37,500 ರೂಪಾಯಿಗಿಂತ ಹೆಚ್ಚಿನ ಕೆಲಸ ಅದರಲ್ಲಿತ್ತು ಎಂದಾಯಿತು. ಅದು ಬಾನೆಟ್, ಮಡ್‌ಗಾರ್ಡ್‌ಗಳ ಮಾತಲ್ಲ. ಎಂಜಿನ್, ಚಾಸಿ, ಏರ್‌ಬ್ಯಾಗ್ ಎಲ್ಲಕ್ಕೂ ಪೆಟ್ಟು ಬಿದ್ದಿರಲೇಬೇಕು. ಹತ್ತು ವರ್ಷದ ಕಾರಿನ ಐ.ಡಿ.ವಿ. ಒಂದೂವರೆ ಲಕ್ಷವಿದ್ದರೆ 1,12,500 ದಾಟಿದರೆ ಸಾಕು. ಕಂಪನಿಯ ವರ್ಕ್‌ಷಾಪಿನಲ್ಲಿ ಒಂದು ರೇಡಿಯೇಟರ್, ಎರಡು ದೀಪ, ಮುಂದಿನ ಗಾಜು, ಒಂದು ಬಾಗಿಲು, ಮೇಲೆ ಬಣ್ಣ ಎಂದರೆ ಅಷ್ಟಾಗಿಬಿಡುತ್ತದೆ. ಅದೇ ಕೆಲಸವನ್ನು ನಮ್ಮೂರ ಟಿಂಕರ್ ಹಳೆಯ ಬಿಡಿಭಾಗ ಹಾಕಿ ಅದಕ್ಕಿಂತ ಬಹಳ ಕಡಿಮೆಗೆ ಮುಗಿಸಬಲ್ಲ. ಆದ್ದರಿಂದ ಹಳೆಯ ವಾಹನದ ಟೋಟಲ್ ಲಾಸ್ ಕೇಳಿ ಹೆದರುವ ಮೊದಲು ವಿಚಾರಿಸಬಹುದು. ಒಂದೆರಡು ವರ್ಷದ ವಾಹನದ ಟೋಟಲ್ ಲಾಸ್ ಕೇಳಿದರೆ ಹೆದರಲೇಬೇಕು. ಸಾಮಾನ್ಯವಾಗಿ ನಮ್ಮವರು ಇದನ್ನು ತಲೆಕೆಳಗಾಗಿ ಎಣಿಸುತ್ತಾರೆ. 'ಹೊಸ ಗಾಡಿ, ಅರ್ಧ ಬೆಲೆ' ಎಂಬುದೇ ಅವರನ್ನು ಎಳೆಯುವುದು.

ಅಮೆರಿಕದಲ್ಲಿ ಇಂಥ ವಾಹನದ ಮಾಲೀಕತ್ವದ ಪತ್ರದ ಮೇಲೆಯೇ 'ಸಾಲ್ವೇಜ್' ಎಂದು ರಾಜ್ಯ ಸರ್ಕಾರ ಮುದ್ರೆ ಹಾಕುತ್ತದೆ. ಸರಿಪಡಿಸಿ ಮತ್ತೆ ರಸ್ತೆಗಿಳಿಸಿದರೂ 'ಮರುನಿರ್ಮಿತ' ಎಂಬ ಗುರುತು ಉಳಿಯುತ್ತದೆ. ನಮ್ಮ ಆರ್.ಸಿ. ಕಾರ್ಡಿನಲ್ಲಿ ಅಂಥ ಗುರುತಿಲ್ಲ. ಇಲ್ಲಿ ಕಂಪನಿಯು ಪರಿಹಾರ ಕೊಟ್ಟ ಮೇಲೆ ಉಳಿದ ವಾಹನ ಹರಾಜಿನಲ್ಲಿ ಗುಜರಿಯವರ ಅಥವಾ ದಲ್ಲಾಳಿಗಳ ಕೈಸೇರಿ, ದುರಸ್ತಿಯಾಗಿ ಬೇರೊಂದು ಜಿಲ್ಲೆಯಲ್ಲಿ ಮಾರಾಟಕ್ಕೆ ನಿಲ್ಲುತ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2018ರ ಆಗಸ್ಟಿನಲ್ಲಿ ಕೇರಳದಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಎಷ್ಟು ಕಾರುಗಳು ನೀರಿನಲ್ಲಿ ನಿಂತಿದ್ದವೆಂಬುದನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಅವೆಲ್ಲ ಗುಜರಿಗೇ ಹೋದವೆಂದು ನಂಬುವುದು ಕಷ್ಟ.

ನೀರು ಕುಡಿದ ವಾಹನದ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು: ಯಾವ ಬೆಲೆಗೂ ಬೇಡ. ಪೆಟ್ಟು ಬಿದ್ದ ಜಾಗ ಪೆಟ್ಟು ಬಿದ್ದಲ್ಲೇ ಇರುತ್ತದೆ. ನೀರು ಹೊಕ್ಕದ್ದು ಎಲ್ಲೆಲ್ಲಿ ಕೂತಿದೆ ಎಂದು ಹೇಳಲಾಗದು. ಒಣಗುವಾಗ ಮಳೆ ತಗುಲಿದ ಅಡಿಕೆ ಮೇಲೆ ಚೆನ್ನಾಗಿಯೇ ಕಂಡು, ಅಡಕತ್ತರಿಗೆ ಕೊಟ್ಟಾಗ ಒಳಗೆ ಬೂಷ್ಟು ತೋರುವುದಿಲ್ಲವೇ, ಹಾಗೆ. ಈಗಿನ ಕಾರುಗಳಲ್ಲಿ ಎಂಜಿನ್ನು, ಬ್ರೇಕು, ಏರ್‌ಬ್ಯಾಗು ಎಲ್ಲವೂ ವಯರಿಂಗಿನ ಮತ್ತು ಚಿಕ್ಕ ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಅಧೀನ. ಕನೆಕ್ಟರುಗಳ ಪಿನ್ನುಗಳಿಗೆ ಹತ್ತಿದ ಕಿಲುಬು ತನ್ನ ಕೆಲಸ ತೋರಿಸಲು ಆರು ತಿಂಗಳು ತೆಗೆದುಕೊಳ್ಳಬಹುದು, ಅದೂ ಘಾಟಿಯ ನಡುವೆ. ನೀರಿನಲ್ಲಿದ್ದಾಗ ಯಾರಾದರೂ ಎಂಜಿನ್ ಚಾಲೂ ಮಾಡಿದ್ದರಂತೂ ಒಳಗಿನ ಕನೆಕ್ಟಿಂಗ್ ರಾಡು ಬಾಗಿರುವ ಸಂಭವ ಹೆಚ್ಚು.

ಇದನ್ನು ಪತ್ತೆ ಮಾಡುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಸೀಟಿನ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಅದನ್ನು ತೊಳೆಯಲು ಬಹಳ ಮಂದಿಗೆ ನೆನಪಾಗುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನು ನೋಡಿ. ಸೀಟಿನ ಹಳಿಯ ಬೋಲ್ಟುಗಳಲ್ಲಿ, ಡ್ಯಾಷ್‌ಬೋರ್ಡಿನ ಅಡಿಯ ಸ್ಕ್ರೂಗಳಲ್ಲಿ ತುಕ್ಕಿದೆಯೇ? ನಮ್ಮ ಮಳೆನಾಡಿನಲ್ಲಿ ವಾಹನದ ಅಡಿಭಾಗ ತುಕ್ಕು ಹಿಡಿಯುವುದು ಹೊಸದೇನಲ್ಲ, ಒಳಭಾಗ ಹಿಡಿಯುವುದು ಬೇರೆ ಮಾತು. ಹಳೆಯ ಕಾರಿಗೆ ಹೊಚ್ಚಹೊಸ ಕಾರ್ಪೆಟ್, ಘಮಘಮಿಸುವ ಸೆಂಟು ಇದ್ದರೆ ಎಚ್ಚರ. ಆಯಿಲ್ ಕಡ್ಡಿ ತೆಗೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಅಲ್ಲಿಂದಲೇ ಮನೆಗೆ ಹೊರಡಬಹುದು.

ಡಿಕ್ಕಿ ಹೊಡೆದು ನಜ್ಜಾದದ್ದಾದರೆ ನೋಡುವ ಕ್ರಮ ಬೇರೆ. ಬೊಲೆರೊದಂಥ ಜೀಪುಗಳಲ್ಲಿ ಚಾಸಿ ಪ್ರತ್ಯೇಕವಾಗಿರುತ್ತದೆ. ಹೊಂಡದ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಿದರೆ ಬಾಗು, ಸುಕ್ಕು, ಹೊಸ ವೆಲ್ಡಿಂಗ್ ಕಣ್ಣಿಗೆ ಬೀಳುತ್ತವೆ. ಆಲ್ಟೋದಂಥ ಕಾರುಗಳಲ್ಲಿ ಕವಚವೇ ಚಾಸಿ, ಆದಕಾರಣ ಒಮ್ಮೆ ತಿರುಚಿದ್ದನ್ನು ಅಳತೆಗೆ ತಕ್ಕಂತೆ ಎಳೆದು ನಿಲ್ಲಿಸುವ ಸಾಧನ ಸಣ್ಣ ಗ್ಯಾರೇಜುಗಳಲ್ಲಿ ಇರುವುದು ವಿರಳ. ಒದ್ದೆ ನೆಲದ ಮೇಲೆ ನೇರವಾಗಿ ಓಡಿಸಿ ಇಳಿದು ಗುರುತು ನೋಡಿ: ಹಿಂದಿನ ಚಕ್ರ ಮುಂದಿನದರ ಜಾಡು ಬಿಟ್ಟು ಒಂದು ಪಕ್ಕಕ್ಕೆ ಸರಿದಿದ್ದರೆ ಅಂಥದ್ದನ್ನು ಬಿಡುವುದೇ ಲೇಸು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹತ್ತಿ ಕೆಲವು ಕ್ಷಣಗಳಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಒಳಗೆ ಏರ್‌ಬ್ಯಾಗ್ ಇದೆಯೆಂಬ ಭರವಸೆ ಇಲ್ಲ.

ಇಷ್ಟಾದರೂ ನಾನು ವಾಹನಕ್ಕಿಂತ ಕಾಗದಕ್ಕೇ ಹೆಚ್ಚು ಹೆದರುವವನು. 1988ರ ಮೋಟಾರು ವಾಹನ ಕಾಯಿದೆಯ 55ನೆಯ ಕಲಮಿನ ಪ್ರಕಾರ, ನಾಶವಾದ ಅಥವಾ ಶಾಶ್ವತವಾಗಿ ಉಪಯೋಗಕ್ಕೆ ಬಾರದ ವಾಹನವನ್ನು ಮಾಲೀಕರು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್.ಸಿ.ಯನ್ನು ಒಪ್ಪಿಸಬೇಕು. ನೋಂದಣಿ ಹೀಗೆ ರದ್ದಾಗಿದ್ದರೆ ನೀವು ಕೊಂಡದ್ದು ವಾಹನವಲ್ಲ, ಬಿಡಿಭಾಗಗಳ ಮೂಟೆ. ರದ್ದಾಗದೆ ಉಳಿದ ಆರ್.ಸಿ.ಯಲ್ಲಿ ಇನ್ನೊಂದು ಅಪಾಯವಿದೆ. ಗುಜರಿಗೆ ಹೋದ ವಾಹನದ ಕಾಗದ ಪತ್ರಗಳನ್ನು ಕೊಂಡು, ಕದ್ದ ಅದೇ ಮಾದರಿಯ ವಾಹನಕ್ಕೆ ಆ ಚಾಸಿ ನಂಬರನ್ನು ಕೊರೆಯುವ ಜಾಲಗಳು ನಮ್ಮ ದೇಶದಲ್ಲಿ ಅನೇಕ ಬಾರಿ ಸಿಕ್ಕಿಬಿದ್ದಿವೆ. ಚಾಸಿ ನಂಬರಿನ ಸುತ್ತ ಉಜ್ಜಿದ ಗುರುತು, ಅಲ್ಲಷ್ಟೇ ಹೊಸ ಬಣ್ಣ ಕಂಡರೆ ಮುಂಗಡ ಕೊಡಬೇಡಿ. ಎಂಪರಿವಾಹನ್ ಆಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ನೋಂದಣಿಯ ಸ್ಥಿತಿ, ವಿಮೆಯ ಅವಧಿ ಮೊದಲಾದ ವಿವರ ದೊರೆಯುತ್ತದೆ. ಹಳೆಯ ಪಾಲಿಸಿಗಳ ಪ್ರತಿ ಕೇಳಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಇಲ್ಲದೆ ಐದು ವರ್ಷ ನಡೆದಿದ್ದರೆ ಅದು ಶೇಕಡಾ 50 ತಲುಪಿರಬೇಕು. ಶೂನ್ಯವಿದ್ದರೆ ಏನು ನಡೆಯಿತೆಂದು ಕೇಳುವ ಹಕ್ಕು ನಿಮಗಿದೆ.

ಕೇರಳ, ತಮಿಳುನಾಡಿನ ವಾಹನವಾದರೆ ಅಲ್ಲಿಯ ಕಚೇರಿಯ ಎನ್.ಓ.ಸಿ. ಬೇಕು. ಇಲ್ಲಿ ಆಜೀವ ತೆರಿಗೆಯನ್ನೂ ಕಟ್ಟಬೇಕು. ಆ ಮೊತ್ತ ಸೇರಿಸಿದರೆ ಎಷ್ಟೋ ಅಗ್ಗದ ವ್ಯಾಪಾರಗಳು ಅಗ್ಗವಾಗಿ ಉಳಿಯುವುದಿಲ್ಲ.

ತಮ್ಮ ನಜ್ಜಾದ ಜೀಪನ್ನು ಗುಜರಿಯವರಿಗೆ ಕೊಟ್ಟು ಮರೆತ ಸದಸ್ಯರಿಗೂ ಇಲ್ಲೊಂದು ಮಾತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಮೊಕದ್ದಮೆಯಲ್ಲಿ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಾಹನ ಹಲವು ಕೈ ದಾಟಿದ್ದರೂ ಆರ್.ಸಿ.ಯಲ್ಲಿ ಹೆಸರಿದ್ದವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ತೀರ್ಪಿತ್ತಿತು. ವಿಮೆಯಿಲ್ಲದ ವಾಹನ ಯಾರಿಗಾದರೂ ಬಡಿದರೆ ಆ ಪರಿಹಾರ ವಸೂಲಾಗುವುದು ಹೆಸರಿದ್ದವರ ಆಸ್ತಿಯಿಂದ, ಅಂದರೆ ತೋಟದಿಂದ. ಮಾರಿದವರು ರಾಜ್ಯದೊಳಗಿನ ವ್ಯವಹಾರವನ್ನು 14 ದಿನಗಳಲ್ಲಿ ಆರ್.ಟಿ.ಓ. ಕಚೇರಿಗೆ ವರದಿ ಮಾಡಬೇಕು, ಕೊಂಡವರಿಗೆ 30 ದಿನ ಅವಕಾಶವಿದೆ. ವಿಮೆಯನ್ನೂ 14 ದಿನಗಳಲ್ಲಿ ತಮ್ಮ ಹೆಸರಿಗೆ ಕೇಳಿಕೊಳ್ಳಬೇಕು, ಇಲ್ಲವಾದರೆ ನಿಮ್ಮ ಸ್ವಂತ ವಾಹನದ ನಷ್ಟಕ್ಕೆ ಕಂಪನಿ ಕಾಸು ಕೊಡುವುದಿಲ್ಲ.

ಬೆಲೆಯ ಮಾತಿಗೆ ಬರೋಣ. ಹಳೆಯ ವಾಹನ, ಡಿಕ್ಕಿಯ ಪೆಟ್ಟು, ಚಾಸಿ ನೇರ, ಕಾಗದ ಸರಿ, ಈ ನಾಲ್ಕೂ ಕೂಡಿದ್ದರೆ ಅದೇ ಮಾದರಿಯ ಪೆಟ್ಟು ತಿನ್ನದ ವಾಹನದ ಅರ್ಧ ಬೆಲೆಗಿಂತ ಮೇಲೆ ಹೋಗಬಾರದೆಂದು ನನ್ನ ಎಣಿಕೆ. ನೀವು ಮಾರುವಾಗ ಕೊಳ್ಳುವವರೂ ಇದೇ ಪ್ರಶ್ನೆ ಕೇಳುತ್ತಾರಲ್ಲ. ತೋಟದ ಒಳಗೆ ಗೊಬ್ಬರ, ಕಾಫಿ ಮೂಟೆ ಸಾಗಿಸಲು ಅದು ಸಾಕು. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಘಾಟಿ ಇಳಿಯುವುದಕ್ಕಾದರೆ ಅದೇ ಹಣಕ್ಕೆ ಇನ್ನೂ ಹಳೆಯದಾದ, ಪೆಟ್ಟು ತಿನ್ನದ ವಾಹನ ಮೇಲು.

ಕೊಳ್ಳಲು ಮನಸ್ಸು ಮಾಡಿದವರು ಹಿಂದಿನ ಕ್ಲೇಮಿನ ವಿವರವನ್ನು ಛಾಪಾ ಕಾಗದದ ಕರಾರಿನಲ್ಲಿ ಮಾರುವವರಿಂದಲೇ ಬರೆಸಿ ಸಹಿ ಪಡೆಯಲಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಅದರಲ್ಲಿ ಒಂದು ಪಾಲು ಆರ್.ಸಿ. ತಮ್ಮ ಹೆಸರಿಗೆ ಬಂದ ನಂತರ ಕೊಡುವಂತೆ ಕರಾರಿರಲಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸಬಹುದು.